ಹೊಳೆ ದಾಟಿದರೆ ಬೇರೆ ಕಾನೂನು

ಹರಿಹರದಲ್ಲಿ ತುಂಗಭದ್ರೆಗೆ ಕಲ್ಲಿನ ಕಮಾನುಗಳ ಸೇತುವೆ ಕಟ್ಟಿ ಮುಗಿಸಿದ್ದು 1868ರಲ್ಲಿ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ದೊಡ್ಡ ರಸ್ತೆಗೆ ಅದು ಬೇಕಿತ್ತು. ಸೇತುವೆಯ ಈಚೆ ತುದಿ ಮೈಸೂರು ಸೀಮೆ. ಆಚೆ ತುದಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ, ರಾಣೆಬೆನ್ನೂರು ತಾಲ್ಲೂಕು. ಊರಿನಿಂದ ಈಶಾನ್ಯಕ್ಕೆ ಹೊರಟರೆ ಹರಪನಹಳ್ಳಿ. ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮೂರೂ ಕಡೆ ಮಾತು ಕನ್ನಡವೇ. ಬೀಗರು ಈ ಮೂರೂ ಸೀಮೆಗಳಲ್ಲಿ ಹರಡಿಕೊಂಡಿದ್ದರು, ಸಂತೆ ಮತ್ತು ಜಾತ್ರೆಗೆ ಎಲ್ಲರೂ ಎಲ್ಲ ಕಡೆ ಹೋಗುತ್ತಿದ್ದರು. ಸರಕಾರಗಳು ಮಾತ್ರ ಮೂರು, ಕಾನೂನುಗಳೂ ಮೂರು.

ಈ ಮೂಲೆಯಲ್ಲಿ ನಿಂತು ನೋಡಿದರೆ ಒಂದು ವಿಷಯ ಬೇರೆಲ್ಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಕಾನೂನನ್ನು ಕಟ್ಟುನಿಟ್ಟಾಗಿ ಜಾರಿ ಮಾಡುತ್ತೇವೆ ಎಂದು ಸರಕಾರ ಹೇಳಿದಾಗ ಆ ಮಾತು ಎಷ್ಟು ದೂರ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಮೇಲೆ ಬೀಳುತ್ತದೆ ಎಂಬುದು. ಒಂದು ದಂಡೆಯಲ್ಲಿ ಅಪರಾಧವಾದದ್ದು ಇನ್ನೊಂದು ದಂಡೆಯಲ್ಲಿ ಮಂಗಳಕಾರ್ಯವಾಗಿ ನಡೆಯುತ್ತಿದ್ದ ಊರುಗಳಿವು.

ದಾವಣಗೆರೆ ಬೆಳೆದದ್ದೇ ಇಂಥ ಗಡಿಯ ಅನುಕೂಲದಿಂದ. ಮೊದಲು ಬೇತೂರಿನ ಒಂದು ಕೇರಿಯಂತಿದ್ದ ಊರನ್ನು ಹೈದರಾಲಿ ಅಪ್ಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಮಲೆನಾಡಿನ ಅಡಿಕೆ, ಮೆಣಸು ಎತ್ತುಗಳ ಮೇಲೆ ಇಲ್ಲಿಗೆ ಬಂದು, ಇಲ್ಲಿಂದ ದೂರದ ವಾಲಾಜಾಪೇಟೆವರೆಗೆ ಹೋಗುತ್ತಿದ್ದವು. ಸುತ್ತಿನ ಕುರುಬರು ನೇಯ್ದ ಕಂಬಳಿಗೆ ಇದೇ ಪೇಟೆ. ಮದುವೆ ಜವಳಿಗೆ ದಾವಣಗೆರೆಗೇ ಬರಬೇಕೆಂಬ ರೂಢಿ ಹಾವೇರಿ, ಬಳ್ಳಾರಿ ಕಡೆಯವರಲ್ಲಿ ಇಂದಿಗೂ ಇದೆ. ಜನ ಗಡಿ ದಾಟುವುದನ್ನೇ ಬದುಕು ಮಾಡಿಕೊಂಡ ಸೀಮೆಯಲ್ಲಿ ಕಾನೂನು ಮಾತ್ರ ಗಡಿಯೊಳಗೆ ನಿಲ್ಲಬೇಕಾಗಿತ್ತು.

ಕಟ್ಟುನಿಟ್ಟಿನ ಮೊದಲ ದೊಡ್ಡ ಪರೀಕ್ಷೆ ಬಂದದ್ದು ರೋಗದ ರೂಪದಲ್ಲಿ. 1896ರ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ಪ್ಲೇಗು ಪತ್ತೆಯಾಯಿತು. 1897ರ ಫೆಬ್ರುವರಿ 4ರಂದು ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಗಾತ್ರದಲ್ಲಿ ಪುಟ್ಟ ಕಾಯಿದೆ, ಅಧಿಕಾರದಲ್ಲಿ ಬಹು ದೊಡ್ಡದು: ರೈಲು ಪ್ರಯಾಣಿಕರನ್ನು ತಪಾಸಣೆ ಮಾಡಬಹುದು, ರೋಗದ ಅನುಮಾನ ಬಂದವರನ್ನು ಬೇರೆ ಇರಿಸಬಹುದು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಹುಡುಕಿದರು. ಆ ಕ್ರೌರ್ಯಕ್ಕೆ ಹೊಣೆಗಾರನೆಂದು ಜನ ಕಂಡ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಅದೇ ವರ್ಷ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು.

ಇಷ್ಟೆಲ್ಲ ಬಿಗಿ ಇದ್ದರೂ ರೋಗ ನಿಲ್ಲಲಿಲ್ಲ. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಬೆಂಗಳೂರಿನಿಂದ ಹರಿಹರದವರೆಗಿನ ರೈಲು ಹಳಿ 1889ರ ಹೊತ್ತಿಗೆ ಪೂರ್ಣಗೊಂಡು ಹುಬ್ಬಳ್ಳಿಯ ಕಡೆಯ ಹಳಿಗೆ ಕೂಡಿತ್ತು. 1898ರ ಆಗಸ್ಟ್ 12ರಂದು ಬೆಂಗಳೂರಿನಲ್ಲಿ ಪತ್ತೆಯಾದ ಮೊದಲ ರೋಗಿ ಹುಬ್ಬಳ್ಳಿಯಿಂದ ಬಂದಿದ್ದ ರೈಲ್ವೆ ಅಧಿಕಾರಿಯೊಬ್ಬರ ಸೇವಕ. ಆ ಹಾದಿ ಹರಿಹರದ ಹೊಳೆಯನ್ನು ದಾಟಿ ದಾವಣಗೆರೆಯ ಮೇಲೆಯೇ ಹೋಗುತ್ತದೆ. ಅಲ್ಲಿಂದ ಮೈಸೂರು ಸಂಸ್ಥಾನದಲ್ಲೂ ಪ್ರತ್ಯೇಕ ಶಿಬಿರ, ಮನೆ ಶುದ್ಧಿ, ಸಾಮಾನು ಸುಡುವುದು ಶುರುವಾಯಿತು. ಹೆಣ್ಣುಮಕ್ಕಳ ಮೈ ಪರೀಕ್ಷೆ, ಮನೆಯವರನ್ನು ಬೇರ್ಪಡಿಸುವುದು ಜನರನ್ನು ಕೆರಳಿಸಿದವು. 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗು ನಿಯಮಗಳ ವಿರುದ್ಧ ಜನ ದಂಗೆ ಎದ್ದರು.

ಆಮೇಲೆ ಸರಕಾರಗಳೇ ಮೆತ್ತಗಾದವು. ಬಲವಂತದ ಪ್ರತ್ಯೇಕವಾಸವನ್ನೂ ಹೆಣ ಪರೀಕ್ಷೆಯನ್ನೂ ಕ್ರಮೇಣ ಕೈಬಿಟ್ಟವು. ಬೆಂಗಳೂರಿನಲ್ಲಿ ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರದಂಥ ಗಾಳಿ ಬೆಳಕಿನ ಬಡಾವಣೆಗಳು ಎದ್ದವು. ಹಳ್ಳಿಗಳಲ್ಲಿ ಇಲಿ ಸತ್ತು ಬಿದ್ದ ಕೂಡಲೇ ಜನ ತಾವೇ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಯಾವ ಪೇದೆಯೂ ಕೋಲು ಹಿಡಿದು ಓಡಿಸದೆ ನಡೆದ ಕೆಲಸ ಇದು. ಊರು ಬಿಟ್ಟರೆ ಮಕ್ಕಳು ಉಳಿಯುತ್ತವೆ ಎಂದು ತಿಳಿದವರು ಯಾವ ಅಧಿಕಾರಿಗಿಂತಲೂ ಬಿಗಿಯಾಗಿ ಆ ನಿಯಮ ಪಾಲಿಸಿದರು.

ಗಡಿ ಕೆಲವೊಮ್ಮೆ ಆಸರೆಯೂ ಆಗುತ್ತಿತ್ತು. ಬನವಾಸಿಯಲ್ಲಿ ಹುಟ್ಟಿ ಶಿರಸಿಯಲ್ಲಿ ಶಾಲಾ ಮಾಸ್ತರರಾಗಿದ್ದ ಹರ್ಡೇಕರ್ ಮಂಜಪ್ಪನವರು ತಿಲಕರ ವಿಚಾರಕ್ಕೆ ಒಲಿದು ಕೆಲಸ ಬಿಟ್ಟರು. 1906ರಲ್ಲಿ ಅವರು ‘ಧನುರ್ಧಾರಿ’ ವಾರಪತ್ರಿಕೆ ಶುರು ಮಾಡಿದ್ದು ಮುಂಬೈ ಪ್ರಾಂತ್ಯದ ಯಾವ ಊರಿನಲ್ಲೂ ಅಲ್ಲ, ಮೈಸೂರಿಗೆ ಸೇರಿದ ದಾವಣಗೆರೆಯಲ್ಲಿ. ಎರಡೇ ವರ್ಷದಲ್ಲಿ, 1908ರಲ್ಲಿ, ಮೈಸೂರು ಸರಕಾರ ಪತ್ರಿಕಾ ನಿಬಂಧನೆ ತಂದಿತು. ಸರಕಾರದ ಅನುಮತಿ ಇಲ್ಲದೆ ಯಾವ ಪತ್ರಿಕೆಯನ್ನೂ ಹೊರಡಿಸುವಂತಿರಲಿಲ್ಲ. ತಾತಯ್ಯ ಎಂದು ನಾಡಿಗೆ ಬೇಕಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ಮೈಸೂರಿನಲ್ಲಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಮಂಜಪ್ಪನವರು ದಾವಣಗೆರೆಯನ್ನು ಬಿಡಲಿಲ್ಲ. ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳೊಡನೆ ಸೇರಿ ಸಾರ್ವಜನಿಕ ಬಸವ ಜಯಂತಿಯನ್ನು ಇದೇ ಊರಿನಲ್ಲಿ ಆರಂಭಿಸಿದರು. ಬರೆಯುವವರ ಮೇಲೆ ಬಂದ ಈ ಬಿಗಿ ಎಷ್ಟು ಚುರುಕಾಗಿ ಜಾರಿಯಾಯಿತೋ, ಹೆಣ್ಣುಮಕ್ಕಳನ್ನು ಕಾಯಬೇಕಾದ ಕಾನೂನುಗಳು ಅಷ್ಟೇ ನಿಧಾನವಾಗಿ ತೆವಳಿದವು. ಈ ಸೀಮೆಯ ಚರಿತ್ರೆಯಲ್ಲಿ ನೋವು ತರುವ ಸಂಗತಿ ಅದೇ.

ಬಾಲ್ಯವಿವಾಹದ ವಿಚಾರದಲ್ಲಿ ಮೊದಲು ಹೆಜ್ಜೆ ಇಟ್ಟದ್ದು ಮೈಸೂರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸುವ ನಿಬಂಧನೆ ಬಂತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ಅಪರಾಧ ಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ಆಗ ಮದುವೆಗೆ ವಯಸ್ಸಿನ ಮಿತಿ ಹೇಳುವ ಇಂಥ ಸಾಮಾನ್ಯ ಕಾನೂನೇ ಇರಲಿಲ್ಲ. ಎಂದರೆ, ಹರಿಹರದಲ್ಲಿ ಏಳು ವರ್ಷದ ಮಗುವಿಗೆ ತಾಳಿ ಕಟ್ಟಿಸಿದರೆ ಅಪ್ಪ ಕೋರ್ಟು ಹತ್ತಬೇಕು. ಸೇತುವೆ ದಾಟಿ ಆಚೆ ದಂಡೆಯಲ್ಲಿ ಅದೇ ಅಕ್ಷತೆ ಬಿದ್ದರೆ ಕೇಳುವ ಕಾನೂನಿಲ್ಲ.

ಮೂವತ್ತಾರು ವರ್ಷದ ನಂತರ ತಕ್ಕಡಿ ತಿರುಗಿತು. ಹರಬಿಲಾಸ್ ಸಾರ್ದಾ ಅವರ ಹೆಸರಿನಿಂದ ಪ್ರಸಿದ್ಧವಾದ ಕಾಯಿದೆ 1929ರ ಸೆಪ್ಟೆಂಬರಿನಲ್ಲಿ ಅಂಗೀಕಾರವಾಗಿ 1930ರ ಏಪ್ರಿಲ್ 1ರಂದು ಜಾರಿಗೆ ಬಂತು. ಹುಡುಗಿಗೆ 14, ಹುಡುಗನಿಗೆ 18. ಅದು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯ. ಆ ಬೆಳಗಿನಿಂದ ರಾಣೆಬೆನ್ನೂರು, ಹರಪನಹಳ್ಳಿಗಳಲ್ಲಿ ಹನ್ನೆರಡು ವರ್ಷದ ಹುಡುಗಿಯ ಮದುವೆ ಅಪರಾಧವಾಯಿತು. ಮೈಸೂರಿಗೆ ಸೇರಿದ ಹರಿಹರ, ದಾವಣಗೆರೆಗಳಲ್ಲಿ ಆ ವಯಸ್ಸಿನ ಮದುವೆಗೆ ಅಡ್ಡಿಯಿರಲಿಲ್ಲ. ಮೊದಲು ಬಿಗಿಯಾಗಿದ್ದ ದಂಡೆ ಸಡಿಲವಾಗಿ, ಸಡಿಲವಾಗಿದ್ದ ದಂಡೆ ಬಿಗಿಯಾಯಿತು.

ಆದರೆ ಆ ಬಿಗಿಯೂ ಕಾಗದದ ಮೇಲಿನದೇ. ಕಾಯಿದೆ ಅಂಗೀಕಾರವಾಗಿ ಜಾರಿಗೆ ಬರುವ ಮುಂಚಿನ ಆರು ತಿಂಗಳಲ್ಲಿ ದೇಶದ ತುಂಬ ಎಳೆಯ ಮಕ್ಕಳ ಲಗ್ನಗಳು ಗುಂಪುಗುಂಪಾಗಿ ನಡೆದವು. 1931ರ ಜನಗಣತಿ ನಡೆದಾಗ ಹದಿನೈದು ತುಂಬದ ವಿವಾಹಿತ ಹೆಣ್ಣುಮಕ್ಕಳ ಸಂಖ್ಯೆ ಹತ್ತು ವರ್ಷದ ಹಿಂದಿನ ಸುಮಾರು 85 ಲಕ್ಷದಿಂದ 1 ಕೋಟಿ 20 ಲಕ್ಷವನ್ನು ಮೀರಿತ್ತು. ಹುಡುಗಿಯರನ್ನು ಉಳಿಸಲು ಬಂದ ಕಾನೂನು ಜಾರಿಗೆ ಬರುವ ಮೊದಲೇ ಲಕ್ಷಾಂತರ ಹುಡುಗಿಯರನ್ನು ಮಣೆಯ ಮೇಲೆ ಕೂರಿಸಿತು.

ಜಾರಿಯಾದ ಮೇಲೂ ಪೊಲೀಸರು ತಾವಾಗಿ ಮುಂದಾಗುವಂತಿರಲಿಲ್ಲ. ಯಾರಾದರೂ ಕೋರ್ಟಿಗೆ ಹೋಗಿ ದೂರು ಕೊಡಬೇಕು, ಅದೂ ಮದುವೆಯಾದ ಒಂದು ವರ್ಷದೊಳಗೆ. ದೂರು ಕೊಟ್ಟವರಿಂದಲೇ ಕೋರ್ಟು ನೂರು ರೂಪಾಯಿಯವರೆಗೆ ಜಾಮೀನು ಪತ್ರ ಕೇಳಬಹುದಿತ್ತು. ಆ ಕಾಲಕ್ಕೆ ಕೂಲಿಯವನೊಬ್ಬ ತಿಂಗಳುಗಟ್ಟಲೆ ದುಡಿದರೂ ಕಾಣದ ಹಣ ಅದು. ಶಿಕ್ಷೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ, ಸಾವಿರ ರೂಪಾಯಿವರೆಗೆ ದಂಡ. ಇಷ್ಟಾದರೂ ಮದುವೆ ಮಾತ್ರ ಊರ್ಜಿತ. ಒಂದೇ ಕೇರಿಯಲ್ಲಿ, ಒಂದೇ ಬಾವಿಯ ನೀರು ಸೇದುವವರ ನಡುವೆ ಯಾರು ಯಾರ ಮೇಲೆ ದೂರು ಕೊಟ್ಟಾರು? ಬ್ರಿಟಿಷ್ ಪ್ರಜೆಗಳು ಪಕ್ಕದ ಸಂಸ್ಥಾನಗಳಿಗೆ, ಫ್ರೆಂಚ್ ಮತ್ತು ಪೋರ್ಚುಗೀಸ್ ನೆಲಕ್ಕೆ ಹೋಗಿ ಮದುವೆ ಮಾಡಿಕೊಂಡು ಬರುವುದು ಎಷ್ಟು ಹೆಚ್ಚಿತೆಂದರೆ, 1938ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು, ಇಂಡಿಯಾದ ಯಾವ ಮೂಲೆಯಲ್ಲಿ ಮದುವೆಯಾದರೂ ಬ್ರಿಟಿಷ್ ಪ್ರಜೆಗೆ ಇದು ಅನ್ವಯ ಎಂದು ಬರೆಯಬೇಕಾಯಿತು. ಸೇತುವೆಯ ಆಚೆ ತುದಿಯ ಕಾನೂನು ಈಚೆ ತುದಿಗೂ ತನ್ನವರ ಬೆನ್ನು ಹತ್ತಿ ಬಂದದ್ದು ಆಗ.

ಸ್ವಾತಂತ್ರ್ಯದ ನಂತರ ವಯಸ್ಸಿನ ಮಿತಿ 1949ರಲ್ಲಿ 15 ಆಯಿತು, 1978ರಲ್ಲಿ ಹುಡುಗಿಗೆ 18, ಹುಡುಗನಿಗೆ 21 ಆಯಿತು. 1978ರಲ್ಲಿ ಪೊಲೀಸರಿಗೆ ತನಿಖೆಯ ಅಧಿಕಾರ ಸಿಕ್ಕರೂ ವಾರಂಟಿಲ್ಲದೆ ಬಂಧಿಸುವಂತಿರಲಿಲ್ಲ. 2006ರ ಹೊಸ ಕಾಯಿದೆ ಬಂದ ಮೇಲಷ್ಟೇ ಇದು ಜಾಮೀನು ಸಿಗದ ಅಪರಾಧವಾದದ್ದು. ಸಾರ್ದಾ ಕಾಯಿದೆಯಿಂದ ಇಲ್ಲಿಗೆ ಬರಲು ಮುಕ್ಕಾಲು ಶತಮಾನ ಹಿಡಿಯಿತು.

ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೈಕೋರ್ಟಿನಲ್ಲಿ ನಡೆದ ಸಾರ್ವಜನಿಕ ಹಿತಾಸಕ್ತಿ ಪ್ರಕರಣದ ಫಲವಾಗಿ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಒಂದೇ ಚಪ್ಪರದಡಿ ನೂರಾರು ಜೋಡಿಗಳಿಗೆ ಮದುವೆ ಮಾಡಿಸುವ ಸಾಮೂಹಿಕ ವಿವಾಹಗಳಲ್ಲಿ ವಯಸ್ಸಿನ ದಾಖಲೆ ನೋಡಲೇಬೇಕು ಎಂಬುದು ಆ ಚರ್ಚೆಯಿಂದ ಬಂದ ಮುಖ್ಯ ಎಚ್ಚರ. ಮಠಗಳೂ ಸಂಘಸಂಸ್ಥೆಗಳೂ ಸಾಮೂಹಿಕ ವಿವಾಹ ಏರ್ಪಡಿಸುವ ರೂಢಿ ದಾವಣಗೆರೆ ಸೀಮೆಯಲ್ಲಿ ಬಲವಾಗಿರುವುದರಿಂದ ಈ ಮಾತು ಇಲ್ಲಿಗೆ ನೇರವಾಗಿ ತಾಗುತ್ತದೆ. ಬಡವರ ಮನೆಯ ಖರ್ಚು ಉಳಿಸುವ ಒಳ್ಳೆಯ ಕೆಲಸದ ಒಳಗೆ ಹದಿನಾರರ ಹುಡುಗಿಯೊಬ್ಬಳು ಬಾಸಿಂಗ ಕಟ್ಟಿಕೊಂಡು ಕೂತರೆ ಆ ಪುಣ್ಯಕ್ಕೆ ಅರ್ಥವಿಲ್ಲ. 2016ರ ರಾಜ್ಯ ತಿದ್ದುಪಡಿ ಬಾಲ್ಯವಿವಾಹವನ್ನು ಮೊದಲ ಕ್ಷಣದಿಂದಲೇ ಅಸಿಂಧು ಎಂದು ಸಾರಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಕರ್ನಾಟಕ. 2017ರ ಅಕ್ಟೋಬರ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ನಡೆಯನ್ನು ಮೆಚ್ಚಿ, ಉಳಿದ ರಾಜ್ಯಗಳೂ ಅನುಸರಿಸಲಿ ಎಂಬ ಆಶಯ ವ್ಯಕ್ತಪಡಿಸಿತು.

ಅಂಕಿಗಳು ಏನು ಹೇಳುತ್ತವೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳ ಪೈಕಿ 18 ತುಂಬುವ ಮೊದಲೇ ಮದುವೆಯಾಗಿದ್ದವರು 2015–16ರಲ್ಲಿ ಶೇ 21.4. 2019–20ರಲ್ಲಿ ಶೇ 21.3. ಅದಕ್ಕೆ ಹತ್ತು ವರ್ಷ ಮೊದಲು ಇದು ಶೇ 40ನ್ನು ಮೀರಿತ್ತು. ತಿದ್ದುಪಡಿಯ ಫಲ ಪೂರ್ತಿ ಕಾಣುವಷ್ಟು ಕಾಲ ಆಗಿರಲಿಲ್ಲ, ನಿಜ. ಆದರೂ ಐದರಲ್ಲಿ ಒಬ್ಬಳು ಎಂಬುದು ಸಣ್ಣ ಸಂಖ್ಯೆಯಲ್ಲ. ಅರ್ಧಕ್ಕರ್ಧ ಇಳಿದದ್ದು ಶಾಲೆ, ಬಸ್ಸು, ಹಾಸ್ಟೆಲು ಹಳ್ಳಿಯ ಹುಡುಗಿಯರಿಗೆ ಎಟುಕಿದ ವರ್ಷಗಳಲ್ಲಿ ಎಂಬುದನ್ನೂ ಮರೆಯಬಾರದು.

ಇನ್ನೊಂದು ಕಥೆ ಇದಕ್ಕಿಂತ ಕಹಿ. ದಾವಣಗೆರೆಯಿಂದ ಸುಮಾರು 30 ಕಿಲೊಮೀಟರ್ ದೂರದಲ್ಲಿ ಉಚ್ಚಂಗಿದುರ್ಗದ ಬೆಟ್ಟವಿದೆ. ನೊಳಂಬವಾಡಿಯ ಪಾಂಡ್ಯರ ಬಲವಾದ ಕೋಟೆ ಅದು. ಹೊಯ್ಸಳ ಇಮ್ಮಡಿ ಬಲ್ಲಾಳ ಅದನ್ನು ಗೆದ್ದು ಗಿರಿದುರ್ಗಮಲ್ಲ ಎಂಬ ಬಿರುದು ಹೊತ್ತ. ಬೆಟ್ಟದ ಮೇಲಿನ ಉಚ್ಚಂಗೆಮ್ಮನಿಗೆ ಭರತ ಹುಣ್ಣಿಮೆಯಂದು ದಾವಣಗೆರೆ, ಹಾವೇರಿ, ಬಳ್ಳಾರಿ, ಚಿತ್ರದುರ್ಗ ಕಡೆಯಿಂದ ಜನ ಬಂದು ಸೇರುತ್ತಾರೆ. ಭಕ್ತಿಯಿಂದ ಬರುವ ಆ ಸಾವಿರಾರು ಮಂದಿಗೂ ಮುಂದೆ ಹೇಳುವ ಅನಿಷ್ಟಕ್ಕೂ ಸಂಬಂಧವಿಲ್ಲ. ಆದರೆ ದಲಿತ ಕೇರಿಗಳ ಹೆಣ್ಣುಮಕ್ಕಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವ ಪದ್ಧತಿ ಈ ಸೀಮೆಯಲ್ಲಿ ತಲೆಮಾರುಗಳಿಂದ ನಡೆದುಬಂದಿತ್ತು. ತಲೆಯಲ್ಲಿ ಜಡೆ ಕಟ್ಟಿದರೆ ಅಮ್ಮ ಕರೆದಳು ಎಂದರು. ಮನೆಯಲ್ಲಿ ಕಾಯಿಲೆ ಬಿದ್ದರೆ ಹರಕೆ ಎಂದರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ಬಸವಿ ಬಿಟ್ಟರೆ ಅವಳೇ ಮಗನಂತೆ ಆಸ್ತಿಗೆ ಹಕ್ಕುದಾರಳಾಗಿ ಮುದಿ ತಂದೆತಾಯಿಯನ್ನು ನೋಡಿಕೊಳ್ಳುತ್ತಾಳೆ ಎಂಬ ಲೆಕ್ಕವೂ ಇತ್ತು. ಮದ್ರಾಸಿನ ಪೊಲೀಸ್ ಅಧಿಕಾರಿ ಎಫ್. ಫಾಸೆಟ್ 1890ರ ದಶಕದ ಆರಂಭದಲ್ಲೇ ಬಳ್ಳಾರಿ ಸೀಮೆಯ ಬಸವಿಯರ ಬಗ್ಗೆ ಬರೆದಾಗ ಗುರುತಿಸಿದ್ದು ಇದನ್ನೇ. ಹೆಸರು ದೇವರದು, ಒಳಗಿದ್ದದ್ದು ಬಡತನ ಮತ್ತು ಜಾತಿ. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಊರಿನ ಉಳ್ಳವರ ಮನೆಯ ಗಂಡಸರು ಗಂಡಂದಿರಾಗಲಿಲ್ಲ, ಅವಳ ಮಕ್ಕಳಿಗೆ ಅಪ್ಪಂದಿರೂ ಆಗಲಿಲ್ಲ.

ಇಲ್ಲಿಯೂ ಮೂರು ಸರಕಾರಗಳು ಮೂರು ಕಾಲದಲ್ಲಿ ಎದ್ದವು. ಮೈಸೂರು 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ರದ್ದು ಮಾಡಿತು. ದೊಡ್ಡ ದೇವಸ್ಥಾನಗಳಲ್ಲಿ ತಸ್ತೀಕು, ಇನಾಮು ಪಡೆದು ಹಾಡಿ ಕುಣಿಯುತ್ತಿದ್ದವರಿಗೆ ಅದು ತಾಗಿತು. ಊರಮ್ಮನ ಮುಂದೆ ಕೇರಿಯ ಹುಡುಗಿಗೆ ಕಟ್ಟುವ ಮುತ್ತಿಗೆ ತಾಗಲಿಲ್ಲ. ಮುಂಬೈ ಪ್ರಾಂತ್ಯ 1934ರಲ್ಲಿ ದೇವದಾಸಿ ಸಂರಕ್ಷಣಾ ಕಾಯಿದೆ ತಂದಿತು. ಮದ್ರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು 1920ರ ದಶಕದ ಕೊನೆಯಿಂದ ಹೋರಾಡಿದ ಮೇಲೆ 1947ರಲ್ಲಿ ಕಾಯಿದೆ ಬಂತು. ಹರಪನಹಳ್ಳಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು, ರಾಣೆಬೆನ್ನೂರು 1956ರ ನವೆಂಬರ್ 1ರಂದು. ಭೂಪಟದಲ್ಲಿ ಗೆರೆ ಅಳಿಸಿತು, ಕಾನೂನಿನ ಪುಸ್ತಕದಲ್ಲಿ ಅಳಿಸಲಿಲ್ಲ. ಏಕೀಕರಣದ ನಂತರವೂ ಹೊಳೆಯ ಆಚೆಗೆ ಮುಂಬೈ ಕಾಯಿದೆ, ಉಚ್ಚಂಗಿಯ ಕಡೆಗೆ ಮದ್ರಾಸ್ ಕಾಯಿದೆ, ನಡುವಿನ ಹರಿಹರ–ದಾವಣಗೆರೆಗೆ ಮುಜರಾಯಿಯ ಹಳೆಯ ಆದೇಶ. ಇಡೀ ರಾಜ್ಯಕ್ಕೆ ಒಂದೇ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ರೂಪುಗೊಂಡದ್ದು 1982ರಲ್ಲಿ, ಜಾರಿಗೆ ಬಂದದ್ದು 1984ರಲ್ಲಿ. ಹಳೆಯ ಮುಂಬೈ, ಮದ್ರಾಸ್ ಕಾಯಿದೆಗಳನ್ನು ಇಲ್ಲಿ ರದ್ದು ಮಾಡಿದ್ದು ಅದೇ ಕಾಯಿದೆ.

1982ರ ಕಾಯಿದೆ ಹಿಡಿತ ಬಿಗಿ ಮಾಡಿತು. ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ ಸಜೆ. ಅವರು ಹುಡುಗಿಯ ತಂದೆತಾಯಿ, ಪೋಷಕರು ಅಥವಾ ನೆಂಟರಾಗಿದ್ದರೆ ಎರಡರಿಂದ ಐದು ವರ್ಷ. ಹೊರಗಿನವರಿಗಿಂತ ಮನೆಯವರಿಗೆ ಹೆಚ್ಚಿನ ಶಿಕ್ಷೆ. ಹೊಣೆ ಹೆಚ್ಚಿದವರಿಗೆ ಶಿಕ್ಷೆಯೂ ಹೆಚ್ಚಿರಲಿ ಎಂಬ ನ್ಯಾಯ ಅದರಲ್ಲಿದೆ. ಆದರೆ ಅದರ ಪರಿಣಾಮ ಬೇರೆಯೇ ಆಯಿತು. 1984ರ ನಂತರ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳು ತಾನು ದೇವದಾಸಿ ಎಂದು ಸರಕಾರದ ಮುಂದೆ ಬಾಯಿ ಬಿಟ್ಟರೆ ಮೊದಲು ಜೈಲಿಗೆ ಹೋಗಬೇಕಾದವರು ಅವಳ ಅವ್ವ, ಅಪ್ಪ. ಅವಳನ್ನು ಬಳಸಿಕೊಂಡು ಬಿಟ್ಟುಹೋದ ಗಂಡಸಿನ ಹೆಸರನ್ನು ಈ ಕಾಯಿದೆ ಕೇಳಲೇ ಇಲ್ಲ. ಹೀಗಾಗಿ ಆಚರಣೆ ಗುಡಿಯಿಂದ ಮನೆಗೆ, ಜಾತ್ರೆಯಿಂದ ಕತ್ತಲಿಗೆ ಸರಿಯಿತು. ಕಾನೂನಿನ ಕಣ್ಣು ತಪ್ಪಿಸುವಾಗ ನೆರವಿನ ಕೈಯೂ ತಪ್ಪಿಹೋಯಿತು.

1986ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರು ಮತ್ತು ಪೊಲೀಸರ ಮೇಲೆ ಗುಂಪು ಹಲ್ಲೆ ಮಾಡಿ, ಮಹಿಳಾ ಪೊಲೀಸರ ಬಟ್ಟೆಯನ್ನೂ ಕಿತ್ತಿತು. ನಾಡು ತಲೆತಗ್ಗಿಸಿದ ಆ ಘಟನೆಯ ಬಳಿಕ ನ್ಯಾಯಮೂರ್ತಿ ಚೆನ್ನಬಸಪ್ಪ ಆಯೋಗ ರಚನೆಯಾಯಿತು, ಬೆತ್ತಲೆ ಸೇವೆ ನಿಷೇಧವಾಯಿತು. ಜಾತ್ರೆಯ ಒಂದು ದಿನ ಪೊಲೀಸರನ್ನು ಇಳಿಸಿದರೆ ಸಾಲದು, ವರ್ಷವಿಡೀ ಹಳ್ಳಿಗಳಲ್ಲಿ ಕೆಲಸ ನಡೆಯಬೇಕು ಎಂದು ಅಲ್ಲಿ ಕಲಿತ ಪಾಠವನ್ನು ಉಚ್ಚಂಗಿಯ ಕಡೆಗೆ ತರಲು ತಡವಾಯಿತು.

ಎಷ್ಟು ತಡವೆಂದರೆ, ಕಾಯಿದೆ ಜಾರಿಯಾಗಿ ಮೂವತ್ತು ವರ್ಷವಾದ ಮೇಲೂ ವಿಷಯ ದೆಹಲಿಯವರೆಗೆ ಹೋಗಬೇಕಾಯಿತು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಹರಪನಹಳ್ಳಿ ಆಗ ಇದೇ ಜಿಲ್ಲೆಗೆ ಸೇರಿತು. 2014ರ ಫೆಬ್ರುವರಿ 14ರ ಭರತ ಹುಣ್ಣಿಮೆಯ ರಾತ್ರಿ ದಾವಣಗೆರೆ ಜಿಲ್ಲೆಯ ದುರ್ಗೆಯ ದೇವಸ್ಥಾನವೊಂದರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಲಿದ್ದಾರೆ ಎಂದು ಎಸ್.ಎಲ್. ಫೌಂಡೇಷನ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ ಅದನ್ನು ತಡೆಯಲು ಎಲ್ಲ ಕ್ರಮ ಕೈಗೊಳ್ಳುವಂತೆ ರಾಜ್ಯದ ಮುಖ್ಯ ಕಾರ್ಯದರ್ಶಿಗೇ ನಿರ್ದೇಶನ ಕೊಟ್ಟಿತು. ಅದೇ ಪ್ರಕರಣದಲ್ಲಿ 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ದೇವದಾಸಿ ಪದ್ಧತಿಯ ವಿರುದ್ಧದ ಕಾನೂನನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಒಂದು ಜಿಲ್ಲೆಯ ಒಂದು ಹುಣ್ಣಿಮೆಯ ರಾತ್ರಿಗಾಗಿ ದೇಶದ ಅತಿ ದೊಡ್ಡ ನ್ಯಾಯಾಲಯ ಎದ್ದು ಕೂರಬೇಕಾಯಿತು ಎಂಬುದು ತಾಲ್ಲೂಕು ಕಚೇರಿಯಿಂದ ವಿಧಾನಸೌಧದವರೆಗೆ ಎಲ್ಲರೂ ನಾಚಬೇಕಾದ ವಿಷಯ.

ಈಗ ಭರತ ಹುಣ್ಣಿಮೆ ಬಂತೆಂದರೆ ಬೆಟ್ಟದ ದಾರಿಯಲ್ಲಿ ಎಚ್ಚರಿಕೆಯ ಫಲಕ, ಪೊಲೀಸ್ ಕಾವಲು, ಇಲಾಖೆಗಳ ಸಿಬ್ಬಂದಿ ಇರುತ್ತಾರೆ. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಯ ಗಡಿ ಇನ್ನೊಮ್ಮೆ ಸರಿಯಿತು. ಜಾತ್ರೆಗೆ ಹೋಗುವ ಜನ ಈಗಲೂ ದಾವಣಗೆರೆಯಲ್ಲಿ ಬಸ್ಸು ಹತ್ತುತ್ತಾರೆ. ಆದ್ದರಿಂದ ಒಂದು ಜಿಲ್ಲಾಡಳಿತ ಬಿಗಿಯಾಗಿದ್ದು ಪಕ್ಕದ್ದು ಸುಮ್ಮನಿದ್ದರೆ ಹಳೆಯ ಸೇತುವೆಯ ಕಥೆಯೇ ಮತ್ತೆ ನಡೆಯುತ್ತದೆ.

ನಿಜವಾದ ಬದಲಾವಣೆ ತಂದದ್ದು ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳೇ. ಸಮೀಕ್ಷೆ ನಡೆಸಿ ಎಂದು ಪಟ್ಟು ಹಿಡಿದವರು, ಪಿಂಚಣಿಗೆ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂತವರು, ತಮ್ಮ ಮಗಳಿಗೆ ಮುತ್ತು ಬೇಡ ಎಂದು ಮನೆಯಲ್ಲಿ ಜಗಳ ಮಾಡಿದವರು ಅವರು. 1993–94ರ ಸರಕಾರಿ ಸಮೀಕ್ಷೆ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿತ್ತು. 2007–08ರ ಸಮೀಕ್ಷೆಯ ಹೊತ್ತಿಗೆ ದಾಖಲಾದವರ ಒಟ್ಟು ಸಂಖ್ಯೆ 46,660 ಆಯಿತು. ಹದಿನಾಲ್ಕು ವರ್ಷದಲ್ಲಿ ಪದ್ಧತಿ ಇಮ್ಮಡಿಯಾಯಿತು ಎಂದು ಇದನ್ನು ಓದಿದರೆ ತಪ್ಪು. ಮೊದಲ ಸಲ ಅಂಜಿ ಅಡಗಿದ್ದವರು ಎರಡನೆಯ ಸಲ ತಮ್ಮ ಸಂಘಟನೆಯ ಬಲದಿಂದ ಹೆಸರು ಬರೆಸುವ ಧೈರ್ಯ ಮಾಡಿದರು ಎಂಬುದೇ ಹೆಚ್ಚು ಸರಿಯಾದ ಓದು. ಪಟ್ಟಿಯಿಂದ ಹೊರಗುಳಿದವರು ಇನ್ನೂ ಇದ್ದಾರೆ. ಅವರಿಗೆ ಮನೆ, ಪಿಂಚಣಿ, ಸಾಲ ಯಾವುದೂ ಇಲ್ಲ.

2025ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆಯಲ್ಲಿ ಈ ಹೆಣ್ಣುಮಕ್ಕಳ ಹಳೆಯ ಬೇಡಿಕೆಯೊಂದು ಕಡೆಗೂ ಸ್ಥಾನ ಪಡೆಯಿತು. ಅದು ಶಿಕ್ಷೆಯ ಜೊತೆಗೆ ಪರಿಹಾರ ಮತ್ತು ಪುನರ್ವಸತಿಯನ್ನೂ ಹೇಳುತ್ತದೆ, ದೇವದಾಸಿಯರ ಮಕ್ಕಳಿಗೆ ತಂದೆಯ ಹೆಸರಿನ ಕಾರಣಕ್ಕೆ ಆಗುವ ಅವಮಾನ ತಪ್ಪಿಸಲು ಮತ್ತು ಅವರ ಹಕ್ಕುಗಳನ್ನು ಗುರುತಿಸಲು ಹೊರಟಿದೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಮೂರು ಸರಕಾರಗಳು ಮಾಡಿದ ಕಾನೂನುಗಳು ಕೇಳದ ಪ್ರಶ್ನೆ ಇದು: ಮಗುವಿನ ಅಪ್ಪ ಯಾರು?

ಇನ್ನು ಉಳಿದದ್ದು ಓದುಗರ ಕೈಯಲ್ಲಿರುವ ಕೆಲಸ. ಸಾರ್ದಾ ಕಾಯಿದೆಯ ಕಾಲದಲ್ಲಿ ದೂರು ಕೊಡುವವನು ಜಾಮೀನು ಬರೆದುಕೊಡಬೇಕಿತ್ತು, ಊರಿನ ದ್ವೇಷ ಕಟ್ಟಿಕೊಳ್ಳಬೇಕಿತ್ತು. ಇಂದು ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಉಚಿತ ಕರೆ ಸಾಕು. ಹದಿನೆಂಟು ತುಂಬದ ಹುಡುಗಿಯ ಲಗ್ನಪತ್ರಿಕೆ ಕೈಗೆ ಬಂದರೆ, ಅಥವಾ ಯಾವುದೋ ಮನೆಯಲ್ಲಿ ಎಳೆಯ ಮಗಳಿಗೆ ಮುತ್ತು ಕಟ್ಟುವ ಮಾತು ಕಿವಿಗೆ ಬಿದ್ದರೆ, ಹರಿಹರದಲ್ಲಿರಲಿ, ರಾಣೆಬೆನ್ನೂರಿನಲ್ಲಿರಲಿ, ಹರಪನಹಳ್ಳಿಯಲ್ಲಿರಲಿ, ಆ ಕರೆ ಮಾಡಿ. ಮುಹೂರ್ತಕ್ಕೆ ಮುಂಚೆಯೇ ಮಾಡಿ.